ತುತ್ತೂರಿಯ ಬೆನ್ನು ಹತ್ತಿದ ಎಡ್ವರ್ಡ್ ಟಾರ್

ಪ್ರಿಯ ಗೆಳೆಯಾ,

ಪಾಠ ಹೇಳುವುದರಲ್ಲೇ ಹೊತ್ತು ಹೋಗುತ್ತದೆ, ಕೊಳಲು ಹಿಡಿದು ಕೂರಲು ಪುರುಸೊತ್ತಿಲ್ಲ ಎಂದು ಬರೆದಿದ್ದೀಯ. ಸಮಾಧಾನ ಹೇಳುವ ಜಾಣತನ ನನಗಿಲ್ಲ. ಬದಲಿಗೆ ಎಡ್ವರ್ಡ್ ಟಾರ್ ಎಂಬ ಟ್ರಂಪೆಟ್ ವಾದಕರ ವಿಷಯ ಬರೆಯುತ್ತೇನೆ. ನುಡಿಸುವುದು, ಕಲಿಸುವುದು, ಹಳೆಯ ಹಸ್ತಪ್ರತಿ ಕೆದಕುವುದು ಬೇರೆ ಬೇರೆ ಕೆಲಸಗಳೆಂದು ಅವರಿಗೆ ಅನ್ನಿಸಿರಲೇ ಇಲ್ಲ ಎಂಬುದು ನನ್ನ ಗುಮಾನಿ.

1936ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಹುಟ್ಟಿದವರು. ಶಿಕಾಗೊದಲ್ಲಿ ಅಡಾಲ್ಫ್ ಹರ್ಸೆತ್ ಅವರಂಥ ಘಟಾನುಘಟಿ ಟ್ರಂಪೆಟ್ ವಾದಕರ ಬಳಿ ಕಲಿತರು. ಯಾವುದಾದರೂ ಆರ್ಕೆಸ್ಟ್ರಾದಲ್ಲಿ ನೆಮ್ಮದಿಯಾಗಿ ಕೂರಬಹುದಿತ್ತು. ಆದರೆ 1959ರಲ್ಲಿ ಸಂಗೀತಶಾಸ್ತ್ರ ಓದಲು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋದರು. ಮುಂದೆ ಬದುಕಿನ ಬಹುಪಾಲು ಆ ಸುತ್ತಮುತ್ತಲೇ.

ಹದಿನೆಂಟನೆಯ ಶತಮಾನದ ಜರ್ಮನ್ ಸಂಯೋಜಕ ಬಾಖ್ ಕಾಲದ ಟ್ರಂಪೆಟ್‌ಗೆ, ಬೆರಳಿಂದ ಒತ್ತಿ ಸ್ವರ ಬದಲಿಸುವ ವಾಲ್ವ್ ಇರಲಿಲ್ಲ ಎಂಬುದು ನಿನಗೆ ಗೊತ್ತೇ? ಉದ್ದನೆಯ ಹಿತ್ತಾಳೆ ಕೊಳವೆ, ತುಟಿ, ಉಸಿರು, ಇಷ್ಟೇ ಬಂಡವಾಳ. ಕೆಳಸ್ಥಾಯಿಯಲ್ಲಿ ಸಾ, ಪಾ ಎಂದು ಬಿಡಿಬಿಡಿ ಸ್ವರ ಮಾತ್ರ ಸಿಗುತ್ತವೆ. ಸಾಲಾಗಿ ಸ್ವರ ಬೇಕೆಂದರೆ ಮೇಲೆ, ಬಹಳ ಮೇಲೆ ಏರಬೇಕು. ಅಲ್ಲೂ ಒಂದು ಫಜೀತಿ: ಕೊಳವೆಯಿಂದ ತಾನಾಗಿ ಹೊಮ್ಮುವ ಸಹಜ ಸ್ವರಗಳ ಸಾಲಿನಲ್ಲಿ ಹನ್ನೊಂದನೆಯದು ನಮ್ಮ ಶುದ್ಧ ಮಧ್ಯಮವೂ ಅಲ್ಲ, ಪ್ರತಿ ಮಧ್ಯಮವೂ ಅಲ್ಲ, ಎರಡರ ನಡುವೆ ತ್ರಿಶಂಕುವಿನ ಹಾಗೆ ನಿಲ್ಲುತ್ತದೆ. ವಾದಕ ಅದನ್ನು ತುಟಿಯಿಂದಲೇ ಎಳೆದು ಸರಿಪಡಿಸಬೇಕು. ಇಪ್ಪತ್ತನೆಯ ಶತಮಾನದಲ್ಲಿ ಈ ವಾದ್ಯವನ್ನು ಮತ್ತೆ ಎತ್ತಿಕೊಂಡವರು ಕೊಳವೆಗೆ ಸಣ್ಣ ರಂಧ್ರ ಕೊರೆದು ದಾರಿ ಸುಲಭ ಮಾಡಿಕೊಂಡರು. ಶುದ್ಧಾಚಾರದವರು ಇದಕ್ಕೆ ಮೂಗು ಮುರಿಯುತ್ತಾರೆ. ಅಂದು ಆ ರಂಧ್ರಗಳಿಲ್ಲದಿದ್ದರೆ ಕೇಳುವವರೂ ಇರುತ್ತಿರಲಿಲ್ಲ, ಕಲಿಯುವವರೂ ಇರುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ.

ಹಿಂದಿನವರು ಇದನ್ನು ಹೇಗೆ ಊದುತ್ತಿದ್ದರು? ಟಾರ್ ಅವರನ್ನು ಪುಸ್ತಕಗಳ ಕಡೆಗೆ ಎಳೆದದ್ದು ಇದೇ ಪ್ರಶ್ನೆ ಇರಬೇಕು. 1614ರ ಬೆಂಡಿನೆಲ್ಲಿ, 1795ರ ಆಲ್ಟೆನ್‌ಬುರ್ಗ್, ಈ ತುತ್ತೂರಿಗಾರರು ಬರೆದಿಟ್ಟ ಪಾಠಗಳನ್ನು ಇಂಗ್ಲಿಷಿಗೆ ತಂದರು. ಇಟಲಿಯ ಬೊಲೊನ್ಯದಲ್ಲಿದ್ದ ಸಂಯೋಜಕ ಟೊರೆಲ್ಲಿಯ ಟ್ರಂಪೆಟ್ ಕೃತಿಗಳನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ನಡುವೆ ಕಾಗೆಲ್‌ನಂಥ ಪಕ್ಕಾ ಆಧುನಿಕ ಸಂಯೋಜಕನ ಕೃತಿಗಳನ್ನೂ ನುಡಿಸಿದರು. 1985ರಿಂದ ಸುಮಾರು ಎರಡು ದಶಕ, ಗಡಿಯಾಚೆ ಜರ್ಮನಿಯ ಬಾಡ್ ಸೆಕಿಂಗನ್‌ನಲ್ಲಿದ್ದ ಟ್ರಂಪೆಟ್ ಸಂಗ್ರಹಾಲಯವನ್ನೂ ನೋಡಿಕೊಂಡರು.

ಪಾಠದ ವಿಷಯಕ್ಕೆ ಬರುತ್ತೇನೆ. 1972ರಿಂದ 2001ರವರೆಗೆ ಬಾಸೆಲ್‌ನ ಸ್ಕೋಲಾ ಕಾಂಟೋರಮ್ ಎಂಬ ಹಳೆಯ ಸಂಗೀತದ ಶಾಲೆಯಲ್ಲಿ ಕಲಿಸಿದರು. ಅಲ್ಲಿ ಕಲಿತ ಬ್ರೂಸ್ ಡಿಕಿ ಹಿಡಿದದ್ದು ಕಾರ್ನೆಟ್ಟೊ ಎಂಬ ಬಾಗಿದ ಮರದ ವಾದ್ಯವನ್ನು. ಚರ್ಮ ಸುತ್ತಿದ ಮೈ, ನಿನ್ನ ಕೊಳಲಿನಂತೆ ಬೆರಳ ತೂತುಗಳು, ಊದುವುದು ಮಾತ್ರ ಟ್ರಂಪೆಟ್‌ನಂತೆ ತುಟಿ ಅದುರಿಸಿ. ಇಂದು ಲೋಕದಲ್ಲಿ ಕಾರ್ನೆಟ್ಟೊ ನುಡಿಸುವ ಬಹುಪಾಲು ಜನ ಡಿಕಿಯ ಶಿಷ್ಯರು, ಇಲ್ಲವೇ ಆ ಶಿಷ್ಯರ ಶಿಷ್ಯರು.

ಟಾರ್ 2020ರ ಮಾರ್ಚ್‌ನಲ್ಲಿ ತೀರಿಕೊಂಡರು. ಸ್ಕೋಲಾದಲ್ಲಿ ಅವರ ನಂತರ ಟ್ರಂಪೆಟ್ ಪಾಠ ವಹಿಸಿಕೊಂಡ ಜಾನ್ ಫ್ರಾನ್ಸ್ವಾ ಮದ್ಯೂಫ್ ಆ ರಂಧ್ರಗಳನ್ನೂ ಬಿಟ್ಟು, ಬರೀ ತುಟಿಯಲ್ಲೇ ನುಡಿಸುವವರು. ಮದ್ಯೂಫ್ ಅವರನ್ನು ಒಮ್ಮೆ ಕೇಳು. ಆ ಮಧ್ಯಮ ನಿನ್ನ ಕಿವಿಗೆ ಎಲ್ಲಿ ನಿಂತಿತು ಎಂದು ತಪ್ಪದೆ ಬರೆ.

ನಿನ್ನ ಗೆಳೆಯ