ಪೇಪರಿನ ಔಟ್‌ಟರ್ನ್ ಎಷ್ಟು?

ಸೋಮವಾರಪೇಟೆ

ಚಿ. ನಿಖಿಲನಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಮೆಸೇಜು ಓದಿದೆ. ಕಾಫಿ ಎಲೆಯ ತುಕ್ಕು ರೋಗದ ಮೇಲೆ ಬರೆದ ಸಂಶೋಧನಾ ಪೇಪರನ್ನು ಒಂದು ಜರ್ನಲ್ ಒಪ್ಪಿದೆ, ಅಚ್ಚಾಗಲು ಆರು ಸಾವಿರ ಕಟ್ಟಬೇಕು, ಅಪ್ಪನಿಗೆ ಹೇಳ್ಬೇಡಿ ಅಂದಿದ್ದೀಯ. ಕಳಿಸಿದ ನಾಲ್ಕೇ ದಿನಕ್ಕೆ ಒಪ್ಪಿಗೆ ಬಂತು ಅಂತ ಖುಷಿ ಬೇರೆ. ನನಗೆ ಅನುಮಾನ ಬಂದದ್ದೇ ಅಲ್ಲಿ. ನಾಲ್ಕು ದಿನದಲ್ಲಿ ನಮ್ಮ ಕಣದಲ್ಲಿ ಕಾಫಿಯೂ ಒಣಗುವುದಿಲ್ಲ, ಮಾರಾಯ.

ಇಲ್ಲಿ ಅರೇಬಿಕಾ ಮುಗಿದು ರೋಬಸ್ಟಾ ಕೊಯ್ಲು ಶುರುವಾಗಿದೆ. ಮೊನ್ನೆ ವ್ಯಾಪಾರಿ ಬಂದಿದ್ದ. ಚೀಲ ತೂಗಿದರೆ ಸರಿಯಾಗಿ ಐವತ್ತು ಕೆಜಿ. ಆದರೂ ಬೆಲೆ ಹೇಳಲಿಲ್ಲ. ನಾಲ್ಕು ಚೀಲಕ್ಕೆ ಕೈ ಹಾಕಿ ಸ್ವಲ್ಪ ಸ್ವಲ್ಪ ತೆಗೆದ, ಸಿಪ್ಪೆ ಬಿಡಿಸಿದ, ಒಳಗಿನ ಬೇಳೆ ತೂಗಿ ಔಟ್‌ಟರ್ನ್ ನೋಡಿದ, ಅಂದರೆ ಚೀಲದ ತೂಕದಲ್ಲಿ ನಿಜವಾದ ಬೇಳೆ ಎಷ್ಟು ಅಂತ. ಆಮೇಲೆ ಬಾಯಿ ಬಿಟ್ಟ. ಕಿಲೋ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಚೀಲದ ತಳದಲ್ಲಿ ಹಸಿರು ಕಾಯಿ, ಎಲೆ, ಕಡ್ಡಿ ಸೇರುವುದನ್ನು ನೀನೇ ನೋಡಿದ್ದೀಯಲ್ಲ. ಕೊಯ್ಯುವವರನ್ನು ಬೈದು ಏನು ಬಂತು? ತಕ್ಕಡಿ ಕೇಳಿದ್ದನ್ನು ಅವರು ಕೊಡುತ್ತಾರೆ.

ದೇಶದ ಪೇಪರ್ ಸಂಖ್ಯೆ ಏರಬೇಕು ಅಂತ ನಿಮ್ಮ ಸರ್ ಹೇಳಿದರಂತೆ. ಸಂಖ್ಯೆಗೇನೂ ಬರ ಇಲ್ಲ. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಲೆಕ್ಕದಲ್ಲಿ ಚೀನಾ, ಅಮೆರಿಕ ಬಿಟ್ಟರೆ ನಾವೇ. ಸಂಶೋಧನೆಗೆ ನಾವು ಖರ್ಚು ಮಾಡಿದ್ದು ಮಾತ್ರ 2020–21ರಲ್ಲಿ ಜಿಡಿಪಿಯ ಶೇ. 0.64. ಎಣಿಸುವುದೂ ನೆಟ್ಟಗಿನ ಕೆಲಸವಲ್ಲ. ಮೂರು ದೇಶದವರು ಸೇರಿ ಒಂದು ಪೇಪರ್ ಬರೆದರೆ ಮೂರಕ್ಕೂ ಪೂರ್ತಿ ಒಂದೊಂದು ಹಾಕಬೇಕೋ, ಮೂರರಲ್ಲೊಂದು ಪಾಲೋ? ಹೇಗೆ ಹಾಕುತ್ತೀರೋ ಹಾಗೆ ಪಟ್ಟಿ ಬದಲಾಗುತ್ತದೆ. ನಿಮ್ಮ ಕಂಪ್ಯೂಟರ್ ಸೈನ್ಸಿನಲ್ಲಂತೂ ಒಳ್ಳೊಳ್ಳೆಯ ಕೆಲಸ ಮೊದಲು ಸಮ್ಮೇಳನಗಳಲ್ಲೇ ಬರುವುದು ಜಾಸ್ತಿ. ಜರ್ನಲ್ ಮಾತ್ರ ಎಣಿಸುವವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ.

2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗರ್ವಾಲ್ ಜೊತೆ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅನ್ನುವ ಇಬ್ಬರು ಹುಡುಗರು ಕೂತಿದ್ದರು. ಬಿ.ಟೆಕ್ ಆಗಷ್ಟೇ ಮುಗಿದಿತ್ತು. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅಂತ ಖಚಿತವಾಗಿ, ಬೇಗ ಹೇಳುವ ದಾರಿ ಅವರು ಕಂಡುಹಿಡಿದರು. ಬಿ.ಟೆಕ್ ಪ್ರಾಜೆಕ್ಟಿನಿಂದಲೇ ಬೆಳೆದ ಕೆಲಸ ಅದು. 2006ರಲ್ಲಿ ಗೊಡೆಲ್ ಪ್ರಶಸ್ತಿ ಬಂತು, ಕಂಪ್ಯೂಟರ್ ಸೈನ್ಸಿನ ಸಿದ್ಧಾಂತದ ಕೆಲಸಕ್ಕೆ ಕೊಡುವ ದೊಡ್ಡ ಪ್ರಶಸ್ತಿ. ದೇಶದ ಲೆಕ್ಕದ ಪುಸ್ತಕದಲ್ಲಿ ಅದೂ ಒಂದು, ನಿನ್ನದೂ ಒಂದು!

2005ರಲ್ಲಿ ಎಂಐಟಿಯ ಮೂವರು ವಿದ್ಯಾರ್ಥಿಗಳು ಇನ್ನೊಂದು ಮಾಡಿದರು. ಅರ್ಥವೇ ಇಲ್ಲದ ಪೇಪರುಗಳನ್ನು ತಾನೇ ಬರೆಯುವ ಸೈಜೆನ್ ಅನ್ನುವ ಪ್ರೋಗ್ರಾಂ. ಅದು ಬರೆದದ್ದನ್ನು ಒಂದು ಸಮ್ಮೇಳನ ಒಪ್ಪಿಯೂ ಬಿಟ್ಟಿತು. 2014ರಲ್ಲಿ ಇಂಥ 120ಕ್ಕೂ ಹೆಚ್ಚು ಪೇಪರುಗಳನ್ನು ಇಬ್ಬರು ದೊಡ್ಡ ಪ್ರಕಾಶಕರು ತೆಗೆದುಹಾಕಬೇಕಾಯಿತು. ತೆಗೆಯುವ ತನಕ ಅವನ್ನೂ ಯಾರೋ ಎಣಿಸುತ್ತಿದ್ದರು ತಾನೆ?

ನಾನೇನು ಸಾಚಾ ಅಲ್ಲ. 2010ರಲ್ಲಿ ಯುಜಿಸಿ ಅಧ್ಯಾಪಕರ ಬಡ್ತಿಗೆ ಎಪಿಐ ಅನ್ನುವ, ಪೇಪರುಗಳನ್ನೂ ಎಣಿಸುವ ಅಂಕ ತಂದಾಗ, ಮಳೆಯ ಬಗ್ಗೆ ನಾನು ಮಾಡಿದ ಒಂದೇ ಕೆಲಸವನ್ನು ಮೂರು ತುಂಡು ಮಾಡಿ ಮೂರು ಪೇಪರ್ ಹಾಕಿದೆ. ಅಂಕ ಬಂತು. ಮೂರರಲ್ಲಿ ಒಂದನ್ನೂ ಇವತ್ತಿನವರೆಗೆ ಯಾರೂ ಓದಿದ ಹಾಗಿಲ್ಲ. ಮನೆಗೆ ಬಂದವರಿಗೆ ಅದನ್ನು ತೋರಿಸಲು ನಾಚಿಕೆ. ಅಟ್ಟದಲ್ಲಿದೆ.

ಈಗ ನಿನ್ನ ಪೇಪರ್. ನಿನ್ನ ಪ್ರೋಗ್ರಾಂ ಎಲೆಯ ಫೋಟೋ ನೋಡಿ ತುಕ್ಕು ರೋಗ ಇದೆಯೋ ಇಲ್ಲವೋ ಹೇಳುತ್ತದೆ, ಶೇ. 98 ಸರಿ. ಇಂಟರ್ನೆಟ್ಟಿನಿಂದ ಇಳಿಸಿದ ಫೋಟೋಗಳು, ಎಲ್ಲ ಬಿಳಿ ಹಾಳೆ ಮೇಲೆ ಇಟ್ಟ ಎಲೆಗಳು. ಒಂದೇ ಎಲೆಯ ನಾಲ್ಕು ಫೋಟೋದಲ್ಲಿ ಮೂರು ಪ್ರೋಗ್ರಾಂಗೆ ಕಲಿಸುವುದಕ್ಕೆ, ಒಂದು ಅದರ ಪರೀಕ್ಷೆಗೆ ಹೋಗಿದ್ದರೆ? ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟ ಹಾಗಲ್ವಾ? ಅದನ್ನು ನೋಡಿದ್ದೀಯಾ?

ನಮ್ಮ ತೋಟದ ಎಲೆ ಅಷ್ಟು ಚಂದ ಇರುವುದಿಲ್ಲ. ತುಕ್ಕಿನ ಕಿತ್ತಳೆ ಪುಡಿ ಇರುವುದು ಎಲೆಯ ಅಡಿಯಲ್ಲಿ, ಮೇಲಿಂದ ಬರೀ ಹಳದಿ ಚುಕ್ಕೆ. ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಕಡೆ ನೀಲಿ ಕಲೆ ಒಣಗಿ ಕೂತಿರುತ್ತದೆ. ಮರದ ನೆರಳು, ಜೇಡರ ಬಲೆ, ಧೂಳು. ನಿನ್ನ ಪ್ರೋಗ್ರಾಂ ಬೋರ್ಡೋ ಕಲೆಯನ್ನೇ ರೋಗ ಅಂದರೂ ಆಶ್ಚರ್ಯ ಇಲ್ಲ.

ಆರು ಸಾವಿರ ಕಳಿಸುವುದಿಲ್ಲ. ಬೇಜಾರಾಗಬೇಡ. ಶನಿವಾರ ಮೈಸೂರಿನಿಂದ ಬೆಳಗ್ಗಿನ ಬಸ್ಸಿಗೆ ಬಾ, ಚಾರ್ಜು ನಾನು ಕೊಡುತ್ತೇನೆ. ಕೆಳಗಿನ ಅರೇಬಿಕಾ ತುಂಡಿನಲ್ಲಿ ತುಕ್ಕು ಹಿಡಿದ ಎಲೆ ಇನ್ನೂ ಇದೆ. ಒಂದು ಮುನ್ನೂರು ಫೋಟೋ ತೆಗಿ, ಗಿಡಕ್ಕೊಂದು ನಂಬರು ಬರೆದುಕೋ. ಯಾವುದು ರೋಗ, ಯಾವುದಲ್ಲ ಅಂತ ನಾನು ಕೂತು ಗುರುತು ಹಾಕಿಕೊಡುತ್ತೇನೆ. 98 ಇಳಿದು 60 ಆದರೆ 60 ಅಂತಲೇ ಬರಿ, ಯಾಕೆ ಇಳಿಯಿತು ಅಂತಲೂ ಬರಿ. ಆ ಪೇಪರನ್ನು ನಾನೂ ಓದುತ್ತೇನೆ.

ಹಳೇ ಪ್ಯಾಂಟು ತಾ, ಕಾಫಿ ಕರೆ ಹೋಗುವುದಿಲ್ಲ. ಅಪ್ಪನಿಗೆ ಹೇಳಿಲ್ಲ.

ಇತಿ ನಿನ್ನ
ಅತ್ತೆ