ಅವನ ಕೆಲಸದ ಹೆಸರು ಹೇಳು

ಮೈಸೂರು

ಪ್ರೀತಿಯ ಪುಟ್ಟಿ,

ನೀನೂ ನಿನ್ನ ಗಂಡನೂ ಅಮೆರಿಕದ ವರ್ಜೀನಿಯಾ ತಲುಪಿ ಮೂರು ವಾರವಾಯಿತು. ಫೋನಿನಲ್ಲಿ "ಎಲ್ಲಾ ಆರಾಮ್ ಅತ್ತೆ" ಅಂದೆ. ದನಿ ಹಾಗಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಪೂಜೆಯ ದಿನ ಊಟಕ್ಕೆ ಕೂತಾಗ ನಿನ್ನ ದೊಡ್ಡಮ್ಮ "ಅಳಿಯಂದಿರು ಏನ್ ಮಾಡ್ಕೊಂಡಿದಾರೆ?" ಅಂತ ಕೇಳಿದರಲ್ಲ, ನೀನು ತಟ್ಟನೆ "ಇಂಜಿನಿಯರ್" ಅಂದುಬಿಟ್ಟೆ. ಅವನು ಪಕ್ಕದ ಎಲೆಯಲ್ಲೇ ಇದ್ದ. ಕನ್ನಡ ಬರದಿದ್ದರೂ ಆ ಒಂದು ಪದ ಅರ್ಥವಾಗದೆ ಇರುತ್ತಾ? ಅನ್ನ ಕಲಸುತ್ತಿದ್ದ ಕೈ ನಿಂತುಹೋಯಿತು. ಸಾರು ಹರಿದು ಎಲೆಯ ಅಂಚಿಗೆ ಬಂದರೂ ನೋಡಲಿಲ್ಲ. ಬಡಿಸುತ್ತಿದ್ದವಳು ನಾನು, ಕಂಡೆ.

ಮಾರನೆಯ ದಿನ ನಮ್ಮ ಅಡುಗೆಮನೆಯ ಪ್ಲಗ್ ಪಾಯಿಂಟ್ ಸರಿ ಮಾಡಿಕೊಟ್ಟ. ಮಿಕ್ಸಿ ಹಾಕಿದಾಗಲೆಲ್ಲ ಕಿಡಿ ಬರುತ್ತಿತ್ತು. ಮೇನ್ ಆಫ್ ಮಾಡಿ, ಸುಟ್ಟ ವೈರ್ ಕತ್ತರಿಸಿ ಹೊಸದು ಕೂರಿಸಿದ. ಅವನು ಎಲೆಕ್ಟ್ರಿಷಿಯನ್. ಅದರಲ್ಲಿ ಮುಚ್ಚಿಡುವುದೇನಿದೆ ಹೇಳು?

ನಮ್ಮವರು ಬಿಳಿ ಬಣ್ಣ ಕಂಡು ಹಿಗ್ಗಿದರು. ಕಪ್ಪಗಿದ್ದಿದ್ದರೆ ಬಾಗಿಲಲ್ಲೇ ಮುಖ ತಿರುಗಿಸುತ್ತಿದ್ದರು. ನನಗೆ ಇದು ನಾಚಿಕೆಯ ವಿಷಯ. ಆದರೆ ವೈರ್ ಎಳೆಯುವವನು ಅಂತ ತಿಳಿದರೆ ಆ ಬಣ್ಣವೂ ಅವರಿಗೆ ಸಾಲದು. ಇದೇ ಭಯಕ್ಕೆ ನೀನು ಸುಳ್ಳು ಹೇಳಿದ್ದು, ಅಲ್ವಾ?

ಆ ಕಡೆಯೂ ಸುಲಭವಿಲ್ಲ, ಗೊತ್ತು. ನಿನ್ನ ಮಾವ ಮದುವೆಗೇ ಬರಲಿಲ್ಲ. ಅವರ ವರ್ಜೀನಿಯಾ ರಾಜ್ಯದಲ್ಲಿ ಬಿಳಿಯರು ಬಿಳಿಯರನ್ನೇ ಮದುವೆಯಾಗಬೇಕು ಅಂತ 1924ರಿಂದ ಕಾನೂನೇ ಇತ್ತು. ಅಲ್ಲಿಯವನೇ ಆದ ರಿಚರ್ಡ್ ಲವಿಂಗ್ ಅಂತ ಒಬ್ಬ ಬಿಳಿಯ, ಅವನ ಹೆಂಡತಿ ಮಿಲ್ಡ್ರೆಡ್ ಕಪ್ಪು. 1958ರಲ್ಲಿ ವಾಷಿಂಗ್ಟನ್‌ಗೆ ಹೋಗಿ ಮದುವೆಯಾಗಿ ಬಂದರೆ, ರಾತ್ರಿ ಪೊಲೀಸರು ಮಲಗುವ ಕೋಣೆಗೇ ನುಗ್ಗಿದರು. ಸುಪ್ರೀಂ ಕೋರ್ಟ್ ಆ ಕಾನೂನನ್ನು ತೆಗೆದುಹಾಕಿದ್ದು 1967ರಲ್ಲಿ. ನಿನ್ನ ಮಾವ ಆಗ ಸ್ಕೂಲಿಗೆ ಹೋಗುವ ಹುಡುಗ. ಮನೆಯಲ್ಲಿ ಕೇಳಿ ಬೆಳೆದ ಮಾತು ಅಷ್ಟು ಬೇಗ ಬಿಟ್ಟುಹೋಗುತ್ತಾ? ಆದರೂ ಅಪ್ಪನ ಮುಂದೆ ನಿನ್ನ ಗಂಡ ನಿನ್ನ ಹೆಸರನ್ನು ಮೊಟಕು ಮಾಡದೆ, ನಾಲಿಗೆ ತೊಡರಿದರೂ ಪೂರ್ತಿ ಹೇಳುತ್ತಾನೆ ಅಂತ ನೀನೇ ಹೇಳಿದ್ದೆ. ನೀನೂ ಅವನಿಗಾಗಿ ಅಷ್ಟು ಮಾಡಬೇಕು.

ಇವತ್ತೇ ಅವನ ಹತ್ತಿರ ಕೂತು ತಪ್ಪಾಯಿತು ಅನ್ನು. ಆಮೇಲೆ ದೊಡ್ಡಮ್ಮನಿಗೆ ಫೋನ್ ಮಾಡಿ ನಿಜ ಹೇಳು. ಅವರು ಎರಡು ದಿನ ಆಡಿಕೊಳ್ಳಬಹುದು, ಆಡಿಕೊಳ್ಳಲಿ. ನಿನ್ನ ಅಪ್ಪನ ಹತ್ತಿರ ನಾನು ಮಾತಾಡುತ್ತೇನೆ. ಅಣ್ಣನ ಹಠ ನನಗೇನು ಹೊಸದಲ್ಲ.

ಮಿಕ್ಸಿ ಚೆನ್ನಾಗಿ ನಡೆಯುತ್ತಿದೆ ಅಂತ ಅವನಿಗೆ ಹೇಳು.

ನಿನ್ನ,
ಅತ್ತೆ