ಆ ರಾತ್ರಿ ಬಾಗಿಲು ತಟ್ಟಿದವರಿಗೆ

ಪೊಲೀಸ್ ಡ್ಯೂಟಿಯಲ್ಲಿ ನಾನು ಗುಂಡು ಹಾರಿಸಿದ್ದರ ವಿಚಾರಣೆ ಮುಗಿಯಿತು. ಹೋದ ವಾರ ವರದಿ ಕೈಗೆ ಬಂತು, ಗುಂಡು ಹಾರಿಸದೆ ಬೇರೆ ದಾರಿ ಇರಲಿಲ್ಲ ಅಂತ ಬರೆದಿದ್ದಾರೆ. ಏನಾಯಿತು ಅಂತ ನಿಮಗೆಲ್ಲ ಗೊತ್ತು, ಮತ್ತೆ ಹೇಳುವುದಿಲ್ಲ. ಚಾಕು ನನ್ನ ಜೊತೆಗಾರನ ಕುತ್ತಿಗೆ ಹತ್ತಿರ ಇತ್ತು. ಅವನು ಇವತ್ತು ಇದ್ದಾನೆ, ಚಾಕು ಹಿಡಿದವನು ಇಲ್ಲ. ಅಷ್ಟೇ.

ರಜೆ ಹೊಂದಿಸಿಕೊಟ್ಟ ಸಾಹೇಬರಿಗೆ, ನನ್ನ ಡ್ಯೂಟಿ ಹಂಚಿಕೊಂಡ ಗೆಳೆಯರಿಗೆ, ವಕೀಲರಿಗೆ, ಮಕ್ಕಳನ್ನು ಶಾಲೆಗೆ ಬಿಟ್ಟುಬಂದ ಪಕ್ಕದ ಮನೆಯವರಿಗೆ ಥ್ಯಾಂಕ್ಸ್. 'ಹೀರೋ' ಅಂತ ಮೆಸೇಜ್ ಹಾಕಿದವರಿಗೂ ಥ್ಯಾಂಕ್ಸ್, ಆದರೆ ದಯವಿಟ್ಟು ಇನ್ನು ಬೇಡ.

ಉಳಿದದ್ದೆಲ್ಲ ಅಣ್ಣನಿಗೆ. (ಸ್ವಂತ ಅಣ್ಣ ಅಲ್ಲ, ಸ್ಟೇಷನ್‌ನಲ್ಲಿ ಎಲ್ಲರೂ ಹಾಗೇ ಕರೆಯುವುದು. ಹೆಸರು ಹಾಕಿದರೆ ಬೈಯುತ್ತಾರೆ.)

ಆ ರಾತ್ರಿ ಗನ್ ತೆಗೆದುಕೊಂಡರು, ಯೂನಿಫಾರ್ಮ್ ತೆಗೆದುಕೊಂಡರು, ಕೈಗೆ ಅಂಟಿದ ಮದ್ದಿನ ಕಣಗಳನ್ನು ಪರೀಕ್ಷೆಗೆ ತೆಗೆಯುವವರೆಗೆ ಕೈ ತೊಳೆಯಬೇಡ ಅಂದರು. ಎಲ್ಲ ಪದ್ಧತಿ ಪ್ರಕಾರವೇ. ಸ್ಥಳದಲ್ಲಿದ್ದವರು ಒಬ್ಬರ ಜೊತೆ ಒಬ್ಬರು ಮಾತಾಡುವಂತಿಲ್ಲ, ಹೇಳಿಕೆಗಳು ಬೆರೆತುಹೋಗಬಾರದಲ್ವಾ. ಅದೂ ಸರಿಯೇ. ಆದರೆ ಯಾರ ಮುಖ ನೋಡಬೇಕು ಅನ್ನಿಸಿತ್ತೋ ಅವರಲ್ಲಿ ಒಬ್ಬರೂ ನನ್ನ ಹತ್ತಿರ ಬರುವಂತಿರಲಿಲ್ಲ. ಅಣ್ಣ ಆವತ್ತು ರಜೆಯಲ್ಲಿದ್ದರು, ಹಾಗಾಗಿ ಬರಬಹುದಿತ್ತು, ಬಂದರು. ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿ, 'ಅದರ ಬಗ್ಗೆ ಒಂದು ಮಾತೂ ಬೇಡ' ಅಂತ ಹೇಳಿ ಕೂತರು. ಬೆಳಗಿನವರೆಗೆ ಅವರ ಮನೆ ಸೋರುವ ಕಥೆ. ಎಲ್ಲೆಲ್ಲಿ ಸೋರುತ್ತದೆ, ಯಾವ ಮೂಲೆಗೆ ಯಾವ ಬಕೆಟ್, ರಿಪೇರಿಗೆ ಬಂದವನು ಹೇಗೆ ಇನ್ನೊಂದು ತೂತು ಮಾಡಿ ಹೋದ. ನಾನು ಮಧ್ಯೆ ಮಧ್ಯೆ ಎದ್ದು ಕೈ ತೊಳೆದುಕೊಂಡು ಬರುತ್ತಿದ್ದೆ. ಐದನೆಯ ಸಲವೋ ಆರನೆಯ ಸಲವೋ ಹಿಂದೆಯೇ ಬಂದು ನಲ್ಲಿ ನಿಲ್ಲಿಸಿದರು, ಟವೆಲ್‌ನಿಂದ ನನ್ನ ಕೈ ಒರೆಸಿದರು, ಮತ್ತೆ ಬಕೆಟ್ ಕಥೆಗೆ ಹೋದರು.

ಗುಂಡು ಹಾರಿಸಿದ ಮೇಲೆ ಆ ಚಾಕು ಹಿಡಿದವನ ಗಾಯ ಒತ್ತಿ ಹಿಡಿದದ್ದೂ ಇದೇ ಕೈಗಳು. ಆಂಬುಲೆನ್ಸ್ ಬರುವವರೆಗೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. 'ಕಾಲಿಗೆ ಹೊಡೆಯಬಹುದಿತ್ತಲ್ವಾ' ಅಂತ ತುಂಬಾ ಜನ ಕೇಳಿದ್ದೀರಿ. ಅಲುಗಾಡುವ ಕಾಲಿಗೆ ಗುರಿ ಸಿಗುವುದು ಕಷ್ಟ, ತಪ್ಪಿದರೆ ಗುಂಡು ಹಿಂದೆ ನಿಂತವರಿಗೆ ಬೀಳಬಹುದು, ಉತ್ತರ ನನಗೆ ಬಾಯಿಪಾಠ. ಆದರೂ ರಾತ್ರಿ ನಾನೇ ಅದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ವಿಚಾರಣೆಯ ದಿನ ಅವನ ತಾಯಿ ನನ್ನ ಮುಂದಿನ ಬೆಂಚಿನಲ್ಲೇ ಕೂತಿದ್ದರು. ಒಮ್ಮೆಯೂ ತಿರುಗಿ ನೋಡಲಿಲ್ಲ. ಅವರ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯುವ ಹಕ್ಕು ನನಗಿಲ್ಲ.

ಕೌನ್ಸೆಲರ್ ಮೇಡಂಗೂ ಋಣಿ. ಎರಡೇ ಗುಂಡು ಹಾರಿಸಿದ್ದು ಅಂತ ಆಣೆ ಮಾಡಿ ಹೇಳುತ್ತಿದ್ದೆ, ಸಿಕ್ಕ ಖಾಲಿ ತೋಟಾಗಳು ನಾಲ್ಕು. ಸದ್ದು ಕೂಡ ಕೇಳಿಸಿರಲಿಲ್ಲ. ನಾನು ಸುಳ್ಳು ಹೇಳುತ್ತಿದ್ದೇನಾ ಅಂತ ನನಗೇ ಹೆದರಿಕೆ. ಪ್ರಾಣದ ಪ್ರಶ್ನೆ ಬಂದಾಗ ಕಿವಿ ಮುಚ್ಚಿದಂತಾಗುವುದು, ಕಣ್ಣಿಗೆ ಆಯುಧ ಒಂದೇ ಕಾಣುವುದು, ನೆನಪು ಅಲ್ಲಲ್ಲಿ ಹರಿದುಹೋಗುವುದು, ಇದೆಲ್ಲ ಎಷ್ಟೋ ಪೊಲೀಸರಿಗೆ ಆಗಿದೆ ಅಂತ ಅವರು ಬಿಡಿಸಿ ಹೇಳಿದರು. ಪೊಲೀಸರು ಬಲ, ಬಂದೂಕು ಬಳಸುವ ಬಗ್ಗೆ ವಿಶ್ವಸಂಸ್ಥೆಯ 1990ರ ತತ್ವಗಳನ್ನು ಟ್ರೇನಿಂಗ್‌ನಲ್ಲಿ ಓದಿದ್ದೆ. ಜೀವ ಉಳಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಪ್ರಾಣ ತೆಗೆಯುವ ಗುಂಡು, ಗಾಯಗೊಂಡವನಿಗೆ ಆದಷ್ಟು ಬೇಗ ಚಿಕಿತ್ಸೆ, ಇವೆಲ್ಲ ನೆನಪಿತ್ತು. ಗುಂಡು ಹಾರಿಸಿದವರಿಗೂ ಮಾನಸಿಕ ನೆರವು ಸಿಗಬೇಕು ಅಂತ ಅದರಲ್ಲೇ ಇದೆ. ಪರೀಕ್ಷೆಗೆ ಬರುವುದಿಲ್ಲ ಅಂತ ಅದನ್ನು ಬಿಟ್ಟಿದ್ದೆ.

ಅಣ್ಣನಿಗೆ ಅದೂ ಸಿಕ್ಕಿರಲಿಲ್ಲ. ಅವರೂ ಒಮ್ಮೆ ಗುಂಡು ಹಾರಿಸಿದ್ದರು ಅಂತ ಮೊನ್ನೆ ಬೇರೆಯವರಿಂದ ಗೊತ್ತಾಯಿತು. ಆ ರಾತ್ರಿ ಅವರ ಮನೆಗೆ ಯಾರೂ ಹೋಗಿರಲಿಲ್ಲವಂತೆ. ಅವರು ಹೇಳಿಲ್ಲ, ನಾನೂ ಕೇಳಿಲ್ಲ.

ಅಣ್ಣ, ಭಾನುವಾರ ಏಣಿ ಹಿಡಿಯಲು ಬರುತ್ತೇನೆ. ಮನೆ ಇನ್ನೂ ಸೋರುತ್ತಿದೆ ಅಂತ ಗೊತ್ತು. ಮಾತು ಬೇಡ ಅಂದರೆ ಬೇಡ.